ಆಯುಧಪೂಜೆಯ ದಿನ ತೊಳೆದ ಸ್ಪಂಜು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಕಡೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಆದರೆ ಆ ಅಕ್ವೇರಿಯಂ ಅಂಗಡಿಯವನ ವಿಷಯದಲ್ಲಿ ಯಾರಿಗೇ ಆದರೂ ಸಿಟ್ಟು ಬರಬೇಕು. ಎಂಟನೇ ಕ್ಲಾಸಿನ ನನ್ನ ಮಗಳು ಆಕ್ಸೊಲಾಟಲ್ ಸಾಕಬೇಕೆಂದು ಒಂದು ವರ್ಷ ಗೋಗರೆದಿದ್ದಳು. ನೀರಲ್ಲೇ ಬದುಕುವ, ನಾಲ್ಕು ಕಾಲಿನ, ಗೇಣುದ್ದದ ಪ್ರಾಣಿ ಅದು; ಕತ್ತಿನ ಎರಡೂ ಕಡೆ ಕೆಂಪು ಕುಚ್ಚಿನಂಥ ಕಿವಿರು, ಮುಖದಲ್ಲಿ ಸದಾ ನಗು. ಅದಕ್ಕೆ ತಣ್ಣೀರೇ ಆಗಬೇಕು. ಆ ಪುಣ್ಯಾತ್ಮ ಗಾಜಿನ ತೊಟ್ಟಿಯ ಜೊತೆ ನೀರು ಕಾಯಿಸುವ ಹೀಟರನ್ನೂ ಬಣ್ಣಬಣ್ಣದ ಕಲ್ಲುಗಳನ್ನೂ ಕಟ್ಟಿಕೊಟ್ಟಿದ್ದ. ಕಲ್ಲು ನುಂಗಿದರೆ ಹೊಟ್ಟೆ ಕಟ್ಟಿ ಸಾಯುತ್ತದೆ ಅಂತ ಮಗಳು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಎರಡನ್ನೂ ಎತ್ತಿಕೊಂಡು ಹೋಗಿ ಅವನ ಕೌಂಟರಿನ ಮೇಲೆ ಕುಕ್ಕಿದೆ.

"ಏನ್ರೀ, ಪ್ರಾಣಿ ಸಾಕೋಕೆ ಕೊಟ್ರೋ, ಬೇಯ್ಸೋಕೆ ಕೊಟ್ರೋ?"

ನಾವಿರುವುದು ಮಾದನಾಯಕನಹಳ್ಳಿಯಲ್ಲಿ, ಬಾಡಿಗೆ ಮನೆಯ ಎರಡನೇ ಮಹಡಿ. ಮೇಲೆ ತಾರಸಿ, ಬಿಸಿಲು ನೇರ ತಲೆಗೇ. ಮಗಳು ತೊಟ್ಟಿಯನ್ನು ಕಿಟಕಿಯಿಂದ ದೂರ, ಒಂದು ಮೂಲೆಯಲ್ಲಿ ಇಡಿಸಿದಳು. ತಳಕ್ಕೆ ಜರಡಿ ಹಿಡಿದ ನಯವಾದ ಮರಳು, ಅಡಗಿಕೊಳ್ಳಲು ಮಗ್ಗುಲಾಗಿ ಮಲಗಿಸಿದ ಮಣ್ಣಿನ ಕುಡಿಕೆ, ಮೇಲೊಂದು ಸಣ್ಣ ಫ್ಯಾನು. ಆಮೇಲೆ ಪ್ರಾಣಿಯನ್ನೇ ತರದೆ ಒಂದೂವರೆ ತಿಂಗಳು ಬರೀ ನೀರಿಗೆ ಫಿಲ್ಟರ್ ಓಡಿಸಿದಳು. ದಿನಾ ಒಂದು ಚಿಟಿಕೆ ಮೀನಿನ ಆಹಾರ ಉದುರಿಸುವುದು, ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಬಣ್ಣ ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು.

"ಯಾರೂ ಇಲ್ದಿರೋ ಮನೆಗೆ ಕರೆಂಟ್ ಯಾಕಮ್ಮಾ?" ಅಂತ ನಾನು ರೇಗಿದೆ. ಅವಳು ವಿವರಿಸಲು ಹೊರಟಳು. "ನಂಗೆ ಹೇಳ್ಕೊಡ್ಬೇಡ. ಹದಿನೆಂಟು ವರ್ಷದಿಂದ ಪೀಣ್ಯದಲ್ಲಿ ಮೆಷಿನ್ ಓಡಿಸ್ತಿದೀನಿ. ಮೆಷಿನ್ ತಣ್ಣಗಿಡೋ ಕೂಲೆಂಟ್ ಟ್ಯಾಂಕು, ಪಂಪು, ಫಿಲ್ಟ್ರು ಎಲ್ಲ ನನ್ ಕೈಯಲ್ಲೇ ಇರೋದು," ಅಂದೆ. ಅವಳು ಮತ್ತೆ ನೋಟ್‌ಬುಕ್ಕಿಗೆ ತಲೆ ಬಗ್ಗಿಸಿದಳು.

ಬೇರೆ ಗತಿಯಿಲ್ಲದೆ ಅದೇ ಅಂಗಡಿಯಿಂದ ಕೊನೆಗೂ ಪ್ರಾಣಿ ಬಂತು. ಮಗಳು ಇಕ್ಕುಳದಲ್ಲಿ ಎರೆಹುಳ ಹಿಡಿದರೆ ಗಬಕ್ಕನೆ ಬಾಯಿ ಹಾಕುತ್ತಿತ್ತು. ನಾನೂ ಕೆಲಸದಿಂದ ಬಂದವನು ಮುಖ ತೊಳೆಯುವ ಮೊದಲೇ ಅದರ ಮುಂದೆ ಕೂರತೊಡಗಿದೆ. ಸುಳ್ಳು ಯಾಕೆ ಹೇಳಲಿ, ಇಷ್ಟವಾಗಿಬಿಟ್ಟಿತ್ತು.

ದಸರಾ ರಜೆಯಲ್ಲಿ ಮಗಳು ಎರಡು ದಿನ ನೆಲಮಂಗಲದ ಅಜ್ಜಿ ಮನೆಗೆ ಹೋದಳು. ಹೊರಡುವಾಗ ನನಗೆ ಹೇಳಿದ್ದು ಇಷ್ಟೇ: "ಅಪ್ಪಾ, ನೀರಲ್ಲಿ ಐಸ್ ಬಾಟ್ಲಿ ಬದಲಾಯ್ಸ್ತಿರು. ಸಾಕು."

ಮಾರನೆಯ ದಿನ ಆಯುಧಪೂಜೆ. ನಮ್ಮ ವರ್ಕ್‌ಶಾಪಿನಲ್ಲಿ ವರ್ಷವಿಡೀ ಕಟ್ಟಿದ ಜಿಡ್ಡನ್ನೆಲ್ಲ ಕೆರೆದು, ಫಿಲ್ಟರ್ ತೊಳೆದು, ಮೆಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುತ್ತೇವೆ. ಕೊಳಕು ಮೆಷಿನ್ನಿಗೆ ಪೂಜೆ ಮಾಡಿದವನನ್ನು ನಾನು ಮನುಷ್ಯನೆಂದೇ ಎಣಿಸುವುದಿಲ್ಲ. ಪುರಿ, ಸಿಹಿಯ ಪೊಟ್ಟಣ ಹಿಡಿದು ಮನೆಗೆ ಬಂದೆ. ಬೈಕ್ ತೊಳೆದೆ. ಮಿಕ್ಸಿ ಒರೆಸಿದೆ. ಆಮೇಲೆ ತೊಟ್ಟಿಯ ಫಿಲ್ಟರಿನ ಮೇಲೆ ಕಣ್ಣು ಬಿತ್ತು. ಬಿಚ್ಚಿ ನೋಡಿದರೆ ಸ್ಪಂಜಿನ ತುಂಬ ಕಂದು ಲೋಳೆ.

"ಥೂ! ಇಷ್ಟೆಲ್ಲ ಓದ್ತಾಳೆ, ಒಂದ್ ಫಿಲ್ಟ್ರು ತೊಳ್ಯೋಕೆ ಬರಲ್ವಾ ಇವ್ಳಿಗೆ?" ಅಂದೆ. ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಸೋಪಿನ ಪುಡಿ ಹಾಕಿ, ನಲ್ಲಿ ನೀರಿನಲ್ಲಿ, ಹಿಂಡಿದ ನೀರು ತಿಳಿಯಾಗುವವರೆಗೂ ತೊಳೆದೆ. ತೊಟ್ಟಿಯ ನೀರನ್ನೂ ಅರ್ಧ ಚೆಲ್ಲಿ ನಲ್ಲಿಯದೇ ತುಂಬಿಸಿದೆ. ಪೂಜೆಯಾದ ಮೇಲೆ ಯಂತ್ರಗಳಿಗೆ ಅವತ್ತು ವಿಶ್ರಾಂತಿ. ಫಿಲ್ಟರನ್ನೂ ಬೆಳಿಗ್ಗೆಯವರೆಗೆ ಆಫ್ ಮಾಡಿಟ್ಟೆ.

ಬೆಳಿಗ್ಗೆ ಅದು ಓರೆಯಾಗಿ ತೇಲುತ್ತಿತ್ತು. ಕೆಂಪು ಕುಚ್ಚು ಬಿಳಿಚಿಕೊಂಡು ಮುಂದಕ್ಕೆ ಸುರುಟಿತ್ತು. ಹುಳವನ್ನು ಮೂತಿಗೆ ತಾಗಿಸಿದರೂ ಬಾಯಿ ಬಿಡಲಿಲ್ಲ. ದಡದಡ ಕೆಳಗಿಳಿದು ಮನೆ ಮಾಲೀಕರ ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡೆ. ನೀರಿಗೆ ಏನು ಹಾಕಿಸಿದಿರಿ ಅಂತ ಜಬರಿಸಿದೆ.

"ಅಬ್ಬ ಅಲ್ವೇನಪ್ಪಾ, ಸಂಪು ತೊಳ್ಸಿ ಒಸಿ ಬ್ಲೀಚಿಂಗ್ ಪೌಡ್ರು ಆಕ್ಸಿದ್ವಿ. ಅದುಕ್ಯಾಕೆ ಇಂಗೆ ಮೈಮೇಲೆ ಬೀಳ್ತೀಯಾ?" ಅಂದರು ಆಯಮ್ಮ.

ಅವರಿಗೆ ನಾಲ್ಕು ಮಾತು ಬೈದು, ಅಲ್ಲಿಂದ ನೇರ ಅಂಗಡಿಗೆ ಹೋದೆ. ಗಿರಾಕಿಗಳ ಎದುರಿಗೇ "ರೋಗ ಹತ್ತಿರೋ ಪ್ರಾಣಿ ಮಾರಿದೀಯಲ್ಲೋ!" ಅಂತ ಕೂಗಾಡಿದೆ. ಅಂಗಡಿಯವನು ತಣ್ಣಗೆ ಕೇಳಿದ: "ಸ್ಪಂಜ್ ಏನಾದ್ರೂ ತೊಳೆದ್ರಾ ಸಾರ್?"

"ತೊಳ್ದೆ. ಏನೀಗ?"

"ಆ ಲೋಳೆನಲ್ಲೇ ಸಾರ್ ಒಳ್ಳೇ ಬ್ಯಾಕ್ಟೀರಿಯಾ ಇರೋದು. ಪ್ರಾಣಿ ಮಾಡೋ ಹೇಸಿಗೆ ವಿಷ ಆಗ್ದಂಗೆ ನೋಡ್ಕೊಳ್ಳೋದು ಅವೇ. ನಿಮ್ ಮಗಳು ಒಂದೂವರೆ ತಿಂಗಳು ಬೆಳ್ಸಿದ್ದು ಅದನ್ನೇ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೀಟರ್ ಕಟ್ಟಿಕೊಟ್ಟ ಈ ಮನುಷ್ಯನ ಬಾಯಿಂದಲೇ ಇದನ್ನು ಕೇಳಬೇಕಾಯಿತಲ್ಲ ಅಂತ ಇನ್ನಷ್ಟು ಉರಿಯಿತು. ಅಲ್ಲಿಂದ ಹೊರಟು ಬಂದೆ.

ಅಷ್ಟರಲ್ಲಿ ಹೆಂಡತಿ ಫೋನ್ ಮಾಡಿದ್ದಳು. ಮಧ್ಯಾಹ್ನ ಮಗಳು ಬಸ್ಸಿಳಿದು ಓಡಿಬಂದಳು. ತಾನೇ ಮೊದಲು ಔಷಧಿ ಹಾಕಿ ಕ್ಲೋರಿನ್ ತೆಗೆದು ಬಕೆಟ್ಟಿನಲ್ಲಿ ಮುಚ್ಚಿಟ್ಟಿದ್ದ ನೀರನ್ನು ಟಬ್ಬಿಗೆ ಸುರಿದು ಪ್ರಾಣಿಯನ್ನು ಅದರಲ್ಲಿ ಬಿಟ್ಟಳು. ಕೈಯಿಂದ ಮೆಲ್ಲಗೆ ನೀರು ಕದಡುತ್ತಾ ಕೂತಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಸತ್ತಿತ್ತು. ಮಗಳು ಟಬ್ಬಿನ ಪಕ್ಕ ಮೊಣಕಾಲಿಗೆ ಮುಖ ಒತ್ತಿ ಅತ್ತಳು. ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು. ಆ ಹೇಸಿಗೆಯನ್ನು ಎಲ್ಲಿ ಹಾಕುವುದೆಂದು ತಿಳಿಯಲಿಲ್ಲ.

"ಸ್ಪಂಜ್ ತೊಳೀಬಾರ್ದು ಅಂತ ನಂಗೊಂದು ಮಾತು ಹೇಳೋಕೆ ಏನಾಗಿತ್ತಮ್ಮಾ?" ಅಂದೆ.

"ನಿಂಗೆ ಹೇಳಕ್ ಬಂದ್ರೆ ಕಿರುಚ್ತೀಯಲ್ಲಪ್ಪಾ. ಅದಕ್ಕೇ ಅಮ್ಮಂಗೆ ಎಲ್ಲ ಹೇಳ್ಕೊಟ್ಟು ಹೋಗಿದ್ದೆ."

ಹೆಂಡತಿಯ ಕಡೆ ತಿರುಗಿದೆ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ನಾನು ಹಿಂಡಿ ಹಿಂಡಿ ತೊಳೆಯುವುದನ್ನು ಕೊನೆಯವರೆಗೂ ನಿಂತು ನೋಡಿದ್ದಳು.

"ಮತ್ಯಾಕೆ ತಡೀಲಿಲ್ಲ ನೀನು? ಬಾಯಿ ಬಿದ್ದೋಗಿತ್ತಾ?" ನನ್ನ ದನಿ ಕೆಳಗಿನ ಮನೆಗೂ ಕೇಳಿಸಿರಬೇಕು.

ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಮಗಳು ಎದ್ದು ಬಂದು ನಮ್ಮಿಬ್ಬರ ನಡುವೆ ನಿಂತಳು.