ಅಜ್ಜ ಆರಿಸಿದ ಕಾರ್ಡು

ನನಗೆ ಮೂಗಿನ ತುದಿಯಲ್ಲೇ ಕೋಪ. ಆ ದಿನ ಅಜ್ಜಂಪುರದ ಬಸ್ಸು ಬೇರೆ ತಡವಾಗಿ, ಶಿವನಿ ದಾಟಿ ನಾನು ಪಾಠ ಮಾಡುವ ಹಳ್ಳಿಯ ಶಾಲೆ ಮುಟ್ಟುವಷ್ಟರಲ್ಲಿ ಬೆಲ್ಲು ಹೊಡೆದಾಗಿತ್ತು. ಬಾಗಿಲಲ್ಲಿ ಒಂದನೇ ಕ್ಲಾಸಿನ ಹುಡುಗಿಯೊಬ್ಬಳ ಅಜ್ಜ ನಿಂತಿದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಮೊಮ್ಮಗಳ ನೋಟುಬುಕ್ಕು.

ನಾವು ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯಲ್ಲಿ ಚಿಕ್ಕ ಮಕ್ಕಳಿಗೆ ಅ ಆ ಇ ಈ ಎಂದು ಸಾಲಾಗಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂದು ಶುರು ಮಾಡುತ್ತೇವೆ. ಈ ಐದು ಬಂದರೆ ಸಾಕು, ಮಗು ಸರ, ಅರಸ, ಗರಗಸ ಎಂದು ಓದತೊಡಗುತ್ತದೆ. ಅಜ್ಜನಿಗೆ ಇದು ಹುಚ್ಚಾಟವಾಗಿ ಕಂಡಿತ್ತು. ಅ ಬಿಟ್ಟು ರ ಹಿಡಿದರೆ ಮಗು ಎಲ್ಲಿಗೆ ಮುಟ್ಟೀತು, ಟಿ.ಸಿ. ಕೊಟ್ಟುಬಿಡಿ, ಅಜ್ಜಂಪುರದ ಕಾನ್ವೆಂಟ್ ವ್ಯಾನಿಗೆ ಹತ್ತಿಸುತ್ತೇನೆ ಎಂದರು. ನಾನು ಸುಮ್ಮನಿರುವ ಪೈಕಿಯೇ? ಒಂದು ತಿಂಗಳು ಕೊಡಿ, ಇವಳು ಓದದಿದ್ದರೆ ನಾನೇ ಟಿ.ಸಿ. ಬರೆದು ಮನೆ ಬಾಗಿಲಿಗೆ ತಂದುಕೊಡುತ್ತೇನೆ ಎಂದುಬಿಟ್ಟೆ.

ಸಂಜೆ ಬಸ್ಸಿನಲ್ಲಿ ಕೂತಾಗ ಆಡಿದ್ದು ಹೆಚ್ಚಾಯಿತು ಅನ್ನಿಸಿತು. ಆ ಹುಡುಗಿ ಅಲ್ಲಿಯವರೆಗೆ ಕ್ಲಾಸಿನಲ್ಲಿ ಬಾಯಿಯೇ ಬಿಟ್ಟಿರಲಿಲ್ಲ.

ಮರುದಿನದಿಂದ ಅವಳ ಬೆನ್ನು ಬಿದ್ದೆ. ನೆಲದ ಮೇಲೆ ದೊಡ್ಡದಾಗಿ ಅಕ್ಷರ ಬರೆದು ಅದರ ಮೇಲೆ ನಡೆಸಿದೆ, ಹುಣಸೆ ಬೀಜ ಜೋಡಿಸಿದೆವು, ಮಣ್ಣಲ್ಲಿ ತಿದ್ದಿದೆವು. ಹುಡುಗಿ ಎಲ್ಲ ಮಾಡುತ್ತಿದ್ದಳು, ತುಟಿ ಮಾತ್ರ ಪಿಟಕ್ಕೆನ್ನುತ್ತಿರಲಿಲ್ಲ. ಮೂರನೇ ವಾರ ಒಂದು ಮಧ್ಯಾಹ್ನ, ಊಟ ಮುಗಿಸಿ ಬಂದು ಎರಡು ಅಕ್ಷರದ ಕಾರ್ಡು ಪಕ್ಕಪಕ್ಕ ಇಟ್ಟಳು. "ಸರ" ಅಂದಳು. ಆಮೇಲೆ ಅವುಗಳನ್ನು ಅದಲು ಬದಲು ಮಾಡಿ, ಸ್ವಲ್ಪ ಹೊತ್ತು ನೋಡಿ, "ರಸ" ಎಂದು ಕಿಸಕ್ಕನೆ ನಕ್ಕಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳನ್ನೆತ್ತಿಕೊಂಡು ಕುಣಿದೆ. ಪಕ್ಕದ ಕೋಣೆಯ ಮೇಷ್ಟ್ರು ಹಾವು ಬಂತೇನೋ ಎಂದು ಓಡಿ ಬಂದರು.

ತಿಂಗಳು ತುಂಬಿದ ಶನಿವಾರ ಅಜ್ಜ ಬಂದರು. ಹುಡುಗಿ ಪದದ ಕಾರ್ಡುಗಳ ಕಟ್ಟಿನಿಂದ ನಗರ, ದನ, ಗರಗಸ ಎಂದು ಪಟಪಟ ಓದಿದಳು. ನಾನು ಬೀಗುತ್ತಿದ್ದೆ. ಅಜ್ಜ ಒಪ್ಪದೆ ತಲೆಯಾಡಿಸಿದರು.

"ಇವೆಲ್ಲ ಬಾಯಿಪಾಠ ಮಾಡ್ಸಿರ್ತೀರ ಬಿಡಿ," ಎಂದು ಕಟ್ಟಿನ ಅಡಿಯಿಂದ ತಾವೇ ಒಂದು ಕಾರ್ಡು ಎಳೆದು, ನನಗೆ ಕಾಣದಂತೆ ಮೊಮ್ಮಗಳಿಗೆ ಹಿಡಿದರು.

ಅವಳು ತಕ್ಷಣ "ಮರ" ಅಂದಳು.

ಸರಿಯೋ ತಪ್ಪೋ ಈಗ ಅಜ್ಜ ಹೇಳಬೇಕಿತ್ತು. ಅವರು ಕಾರ್ಡು ಹಿಡಿದು ಗೋಡೆಯ ವರ್ಣಮಾಲೆ ಪಟದ ಹತ್ತಿರ ಹೋದರು. ಬೆರಳನ್ನು ಅ ಮೇಲಿಟ್ಟು, ಅ ಆ ಇ ಈ ಎಂದು ಗುನುಗುತ್ತಾ ಒಂದೊಂದೇ ಮನೆ ದಾಟಿ ಮ ಬಂದಾಗ ನಿಂತು ಕಾರ್ಡು ನೋಡಿದರು. ಎರಡನೇ ಅಕ್ಷರಕ್ಕೆ ಮತ್ತೆ ಅ ಹತ್ತಿರ ಹೋದರು. ಆಗ ನನಗೆ ಅರ್ಥವಾಯಿತು. ಚಿಕ್ಕಂದಿನಲ್ಲಿ ಯಾವಾಗಲೋ ಶಾಲೆ ಬಿಟ್ಟ ಆ ಮನುಷ್ಯನಿಗೆ ನೆನಪಿನಲ್ಲಿ ಉಳಿದಿದ್ದುದು ಅ ಆ ಇ ಈ ಸಾಲೊಂದೇ. ಮೊದಲಿಂದ ಹೇಳದೆ ಒಂದಕ್ಷರವೂ ಸಿಗುತ್ತಿರಲಿಲ್ಲ. ಇಷ್ಟು ದಿನ ಅವರ ಮೇಲೆ ಹಲ್ಲು ಕಡಿದದ್ದಕ್ಕೆ ನಾಚಿಕೆಯಾಯಿತು.

ಮೊಮ್ಮಗಳು ಹೋಗಿ ಅವರ ಪಂಚೆ ಜಗ್ಗಿದಳು. "ಮೊದ್ಲಿಂದ ಹೇಳ್ಬೇಡ ಅಜ್ಜ. ಅದನ್ನೇ ನೋಡು."

ಅವರ ಅಂಗೈ ಬಿಡಿಸಿ ಬೆರಳಿನಿಂದ ರ ಬರೆದಳು. ಇನ್ನೊಂದು ಸಲ ಬರೆದಳು. ಅಜ್ಜ ಪಟದ ಕಡೆ ತಿರುಗಲಿಲ್ಲ. ಕಾರ್ಡನ್ನೇ ದಿಟ್ಟಿಸಿ, "ಮ... ರ..." ಎಂದರು. ಆಮೇಲೆ ಮೆಲ್ಲಗೆ, "ಮರ."

ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ. ಟಿ.ಸಿ. ಬರೆಯಲೇ ಯಜಮಾನರೇ ಎಂದು ಕೇಳಿದೆ. ಅವರು ಮಕ್ಕಳ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮೊಮ್ಮಗಳಿಗೆ ಕೈ ಚಾಚಿದರು.

"ಇನ್ನೊಂದು ತೋರ್ಸವ್ವ."