ಪುಟ ಕೂರಿಸುವ ಶಶಿಪ್ರಭಾ

ಹಂಪನಕಟ್ಟೆಯ ಹಳೆಯ ಕಟ್ಟಡವೊಂದರ ಮಾಳಿಗೆಯಲ್ಲಿ ಸರ್ವೋತ್ತಮ ರೈಗಳ ಟೈಪಿಂಗ್ ಆಫೀಸು ಇತ್ತು. ಶಶಿಪ್ರಭಾ ಅಲ್ಲಿಗೆ ಸೇರಿದ್ದು ಎಪ್ಪತ್ತಮೂರರಲ್ಲಿ. ವೇಗದಲ್ಲಿ ಅವಳನ್ನು ಮೀರಿಸುವವರು ಊರಲ್ಲಿ ಹಲವರಿದ್ದರು. ಆದರೆ ಪುಟ ಕೂರಿಸುವುದರಲ್ಲಿ ಅವಳಿಗೆ ಸಾಟಿ ಇರಲಿಲ್ಲ. ತಲೆಬರಹದ ಅಕ್ಷರ ಎಣಿಸಿ, ಅರ್ಧ ಮಾಡಿ, ಹಾಳೆಯ ನಡುವಿನಿಂದ ಅಷ್ಟೇ ಹಿಂದಕ್ಕೆ ಸರಿದು ಹೊಡೆದರೆ ಅದು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಪ್ರಬಂಧ ಬರೆಯುವ ಲೆಕ್ಚರರುಗಳು ಅವಳೇ ಮಾಡಬೇಕೆಂದು ವಾರಗಟ್ಟಲೆ ಕಾಯುತ್ತಿದ್ದರು.

ಪಕ್ಕದ ಮೇಜು ಆಶಾಲತಾಳದು. ಹತ್ತು ವರ್ಷ ಇಬ್ಬರೂ ಬಿಜೈಯಿಂದ ಒಂದೇ ಬಸ್ಸಿನಲ್ಲಿ ಬಂದವರು, ಬುತ್ತಿ ಹಂಚಿಕೊಂಡವರು. ಆಶಾಲತಾಳ ಬೆರಳು ಆಗಾಗ ತಪ್ಪುತ್ತಿತ್ತು. ಹಾಳಾದ ಪುಟವನ್ನು ರೈಗಳ ಕಣ್ಣಿಗೆ ಬೀಳುವ ಮೊದಲೇ ಶಶಿಪ್ರಭಾ ಮತ್ತೆ ಹೊಡೆದು ಕೊಡುತ್ತಿದ್ದಳು. ಆಶಾಲತಾಳ ಮದುವೆ ಮುರಿದ ವರ್ಷವಂತೂ ಇಬ್ಬರ ಕೆಲಸವನ್ನೂ ಇವಳೇ ಹೊತ್ತಳು.

ಎಂಬತ್ತೇಳರಲ್ಲಿ ರೈಗಳು ಕಂಪ್ಯೂಟರ್ ತರಿಸಿದರು. ತಂದವನು ಅರ್ಧ ದಿನ ವರ್ಡ್‌ಸ್ಟಾರ್ ಎಂಬ ಟೈಪಿಂಗ್ ಪ್ರೋಗ್ರಾಂ ತೋರಿಸಿ ಬೊಂಬಾಯಿಗೆ ಮರಳಿದ. "ಇಬ್ಬರೂ ಕಲಿಯಿರಿ. ಜನವರಿಯಿಂದ ಒಬ್ಬರಿಗೆ ಇದೇ ಕೆಲಸ," ಎಂದರು ರೈಗಳು.

ಶಶಿಪ್ರಭಾ ಕಂಟ್ರೋಲ್ ಕೀಲಿ ಹಿಡಿದು ಓ, ಆಮೇಲೆ ಸಿ ಒತ್ತಿದಳು. ತಲೆಬರಹ ತಾನಾಗಿ ನಡುವಿಗೆ ಹೋಗಿ ನಿಂತಿತು. ಹದಿನಾಲ್ಕು ವರ್ಷ ಬೆರಳು ಮಡಚಿ ಎಣಿಸಿದವಳಿಗೆ ಬೇಸರವಾಗಲಿಲ್ಲ, ನಗು ಬಂತು.

"ಆಶಾ, ಇಲ್ಲಿ ನೋಡು ಮಾರಾಯ್ತಿ, ಇದಕ್ಕೆ ಎಣಿಸ್ಲಿಕ್ಕೆ ಬರ್ತದೆ!"

ಮೂರು ತಿಂಗಳು ಅವಳಿಗೆ ಅದೇ ಗುಂಗು. ಅಂಚು ಎಷ್ಟು ಬಿಡುವುದು, ಬಲಗಡೆ ಸಾಲುಗಳನ್ನು ಸಮ ಮಾಡುವುದು ಹೇಗೆ, ಪುಟ ಎಲ್ಲಿ ಮುರಿಯಬೇಕು. ಕಂಡುಕೊಂಡದ್ದನ್ನೆಲ್ಲ ಅದೇ ದಿನ ಆಶಾಲತಾಳನ್ನು ಕೂರಿಸಿ ಅವಳ ಕೈಯಿಂದಲೇ ಮಾಡಿಸುತ್ತಿದ್ದಳು. ಅಫಿಡವಿಟ್ಟಿಗೆ, ಪ್ರಬಂಧಕ್ಕೆ, ಸಂಘಗಳ ವರದಿಗೆ ಒಂದೊಂದು ನಮೂನೆ ಕಟ್ಟಿ ಫ್ಲಾಪಿಯಲ್ಲಿಟ್ಟಳು. ತೆರೆದು ಮಾತು ತುಂಬಿದರೆ ಸಾಕು, ಪುಟ ತಾನೇ ಕೂರುತ್ತಿತ್ತು.

ಡಿಸೆಂಬರಿನಲ್ಲಿ ರೈಗಳು ಅವಳನ್ನು ಒಳಗೆ ಕರೆದರು. "ಕಂಪ್ಯೂಟರ್ ಇನ್ನು ಆಶಾಲತಾ ನೋಡಿಕೊಳ್ತಾರೆ. ನೀವು ಬೇಸರ ಮಾಡ್ಬೇಡಿ."

"ಯಾಕೆ ಸರ್?"

"ಸ್ಕ್ರೀನ್ ನೋಡಿದ್ರೆ ನಿಮಗೆ ತಲೆಸುತ್ತು ಬರ್ತದಂತಲ್ಲ? ಆಶಾಲತಾ ಹೇಳಿದ್ರು. ಪಾಪ, ಆ ಫಾರ್ಮ್ಯಾಟುಗಳನ್ನೆಲ್ಲ ಒಬ್ಬರೇ ಕೂತು ಮಾಡಿದ್ದಾರೆ."

"ಅದು ಮಾಡಿದ್ದು ನಾನು, ಸರ್. ನನಗೆ ಯಾವ ತಲೆಸುತ್ತೂ ಇಲ್ಲ."

ರೈಗಳು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತರು. "ಈಗ ಹೀಗೆ ಹೇಳಿದ್ರೆ ಎಂತ ಮಾಡುದು? ಅವರಿಗೆ ಮಾತು ಕೊಟ್ಟಾಯಿತು."

ಆಶಾಲತಾ ಮೆಟ್ಟಿಲ ಬಳಿ ಸಿಕ್ಕಳು. ಸುಳ್ಳು ಹೇಳಿದ್ದನ್ನು ಅಲ್ಲಗಳೆಯಲಿಲ್ಲ. "ನಿನಗೆ ಟೈಪಿಂಗ್ ಉಂಟು ಶಶಿ. ನಿನ್ನನ್ನು ಯಾರೂ ಬಿಡುದಿಲ್ಲ. ನನಗೆ ಎಂತ ಉಂಟು?"

"ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ."

"ಕೊಡ್ತಿರಲಿಲ್ಲ. ಅದರ ಮುಂದೆ ಕೂತಾಗ ನಿನ್ನ ಮುಖ ನಾನು ನೋಡಿದ್ದೇನೆ."

ಆ ಮಾತು ನಿಜವಾಗಿತ್ತು. ತನ್ನ ಖುಷಿಯನ್ನು ಅಷ್ಟು ಹತ್ತಿರದಿಂದ ಕಂಡವಳೇ ಅದನ್ನು ಕಸಿದುಕೊಂಡಳಲ್ಲ ಎಂಬುದು ಶಶಿಪ್ರಭಾಳನ್ನು ಸುಳ್ಳಿಗಿಂತ ಹೆಚ್ಚು ಚುಚ್ಚಿತು. ಹನ್ನೊಂದು ದಿನ ಬೇರೆ ಬಸ್ಸು ಹಿಡಿದು ಬಂದು, ಕೈಯಲ್ಲಿದ್ದ ಪ್ರಬಂಧ ಮುಗಿಸಿ, ಕೆಲಸ ಬಿಟ್ಟಳು.

ಒಂದು ವರ್ಷ ಮನೆಯಲ್ಲೇ ಬಾಡಿಗೆಯ ಟೈಪ್‌ರೈಟರಿನಲ್ಲಿ ಕಳೆಯಿತು. ಆಮೇಲೆ ಕದ್ರಿಯಲ್ಲಿ ಕಮರುದ್ದೀನ್ ಎಂಬವರು ಪ್ರೆಸ್ಸಿಗೆ ಕಂಪ್ಯೂಟರ್ ತಂದು, ನಡೆಸುವವರಿಲ್ಲದೆ ಕೂತದ್ದು ಗೊತ್ತಾಗಿ ಹೋಗಿ ಕೇಳಿದಳು. ಮರುದಿನವೇ ಕೆಲಸಕ್ಕೆ ಕೂತಳು. ನಮೂನೆಗಳನ್ನೆಲ್ಲ ನೆನಪಿನಿಂದಲೇ ಮತ್ತೆ ಕಟ್ಟಿದಳು.

ಎಂಬತ್ತೊಂಬತ್ತರ ಒಂದು ಮಧ್ಯಾಹ್ನ ಆಶಾಲತಾ ಅಲ್ಲಿಗೆ ಬಂದಳು. ಯಾರದೋ ಪ್ರಬಂಧದ ಕೋಷ್ಟಕಗಳು ಪ್ರತಿ ಸಲವೂ ಎರಡು ಪುಟಗಳ ನಡುವೆ ತುಂಡಾಗುತ್ತಿದ್ದವು. ಎರಡು ದಿನ ಹೆಣಗಿ ಸೋತಿದ್ದಳು.

"ನಾಳೆ ಕೊಡ್ಬೇಕು ಶಶಿ. ಬೇರೆ ಯಾರಿಗೂ ಬರುದಿಲ್ಲ."

ಶಶಿಪ್ರಭಾ ಫ್ಲಾಪಿ ಹಾಕಿದಳು. ಹತ್ತು ನಿಮಿಷದಲ್ಲಿ ಕೋಷ್ಟಕಗಳೆಲ್ಲ ಒಂದೊಂದೇ ಪುಟದೊಳಗೆ ಬಂದು ಕೂತವು. ಆಶಾಲತಾ ಬೆನ್ನ ಹಿಂದಿನಿಂದ ಬಗ್ಗಿ, "ಎಂತ ಮಾಡಿದ್ದು? ಸ್ವಲ್ಪ ತೋರಿಸು," ಎಂದಳು.

ಶಶಿಪ್ರಭಾ ಫ್ಲಾಪಿ ತೆಗೆದು ಅವಳ ಕೈಗಿಟ್ಟಳು. "ಆಯಿತು."

ಆಶಾಲತಾ ಫ್ಲಾಪಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

"ನಿಮ್ಮ ಫ್ರೆಂಡಾ?" ಎಂದು ಕಮರುದ್ದೀನ್ ಕೇಳಿದರು.

"ಒಟ್ಟಿಗೆ ಕೆಲಸ ಮಾಡ್ತಿದ್ದೆವು," ಎಂದು ಶಶಿಪ್ರಭಾ ಮುಂದಿನ ಹಾಳೆ ಎತ್ತಿಕೊಂಡಳು.