ಅತ್ತಿಕುಪ್ಪೆ ದಾರಿಯಿಂದ ತಿರುಗಿ ಬಂದ ಅಕ್ಕ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಿಂದ ಯಾವ ಕಡೆ ನಡೆದರೂ ಕೊನೆಗೆ ಹೊಳೆಯೇ ಸಿಗುತ್ತಿತ್ತು. ಶ್ರೀರಂಗಪಟ್ಟಣದ ದ್ವೀಪದಲ್ಲಿ, ಕೋಟೆಯ ಮೂಡಲಿಗಿದ್ದ ಗಂಜಾಮಿನಲ್ಲಿ, ಕಸುಬುದಾರರ ಕೇರಿಯಲ್ಲಿ ನಮಗೊಂದು ಹುಲ್ಲಿನ ಮನೆ ಕೊಟ್ಟಿದ್ದರು. ಹೊಳೆ ದಾಟುವ ಜಾಗದಲ್ಲೆಲ್ಲ ಕಾವಲಿನ ಚೌಕಿ. ಅಪ್ಪಣೆ ಇಲ್ಲದೆ ಇಲ್ಲಿಂದ ಒಂದು ಕೋಳಿಯೂ ಆಚೆ ಹೋಗುವ ಹಾಗಿಲ್ಲ ಎಂದು ದೊಡ್ಡವರು ಹೇಳುತ್ತಿದ್ದರು. ಅದನ್ನು ನಿಜವೆಂದೇ ನಂಬಿದ್ದ ನಾನು, ನೀರಿನ ಹತ್ತಿರ ಕೋಳಿ ಕಂಡರೆ ಪಾಪ ಎಂದು ಅಟ್ಟಿಕೊಂಡು ಮನೆಗೆ ತರುತ್ತಿದ್ದೆ.

ನಾವು ಆ ಸೀಮೆಯವರಲ್ಲ. ಕುಂದಾಪುರದ ಕಡಲ ದಂಡೆಯವರು. ಅಪ್ಪ ದೋಣಿ ಕಟ್ಟುವ ಆಚಾರಿ. ಒಂದೇ ಒಂದು ಮೊಳೆ ಹೊಡೆಯದೆ, ಹಲಗೆಗೆ ತೂತು ಕೊರೆದು, ತೆಂಗಿನ ನಾರಿನ ಹಗ್ಗದಲ್ಲಿ ಬಟ್ಟೆ ಹೊಲಿದ ಹಾಗೆ ದೋಣಿ ಹೊಲಿಯುತ್ತಿದ್ದರು. ಸರಕಾರಕ್ಕೆ ಹಡಗು ಕಟ್ಟಿಸುವ ಮನಸ್ಸಾಯಿತಂತೆ. ಮೊದಲು ಚಿಕ್ಕ ಮಾದರಿಗಳನ್ನು ಮಾಡಿ ತೋರಿಸಲಿ ಎಂದು ಅಪ್ಪನನ್ನು ಕರೆಸಿದರು. ಕರೆಸಿದರು ಎನ್ನುವುದು ಮರ್ಯಾದೆಯ ಮಾತು. ಸಿಪಾಯಿಗಳು ಬಾಗಿಲಿಗೆ ಬಂದ ದಿನ ಅಬ್ಬೆ, ಅಂದರೆ ನಮ್ಮ ತಾಯಿ, ತವರಿಗೆ ಹೋಗಿದ್ದಳು. ಅಪ್ಪ, ಅಕ್ಕ, ನಾನು ಮೂವರೇ ಘಟ್ಟ ಹತ್ತಿದೆವು. ಕೆಲಸ ಮುಗಿದರೆ ಕಳಿಸುತ್ತೇವೆ ಎಂದಿದ್ದರು. ಒಂದು ಮಾದರಿ ಮುಗಿಯುವಷ್ಟರಲ್ಲಿ ಇನ್ನೊಂದನ್ನು ಹೇಳುತ್ತಿದ್ದರು.

ಆಗ ನನಗೆ ಕಡಲು ಅಷ್ಟಾಗಿ ನೆನಪಿರಲಿಲ್ಲ. ನನಗೆ ಗೊತ್ತಿದ್ದ ಕಡಲೆಲ್ಲ ಅಕ್ಕ ಹೇಳಿದ ಕಡಲೇ. ಮಳೆಗಾಲದಲ್ಲಿ ಅದು ಹೇಗೆ ಮನೆಯ ಗೋಡೆ ನಡುಗುವ ಹಾಗೆ ಮೊರೆಯುತ್ತದೆ, ದೋಣಿಗಳನ್ನೆಲ್ಲ ದಡಕ್ಕೆಳೆದು ಸೋಗೆ ಹೊದಿಸಿ ಹೇಗೆ ಕಾಯುತ್ತಾರೆ, ನೂಲ ಹುಣ್ಣಿಮೆಯ ದಿನ ಹಾಲು ಹೊಯ್ದು, ತೆಂಗಿನಕಾಯಿ ಕೊಟ್ಟು ಕಡಲಮ್ಮನನ್ನು ಹೇಗೆ ಬೇಡಿಕೊಳ್ಳುತ್ತಾರೆ ಎಂದೆಲ್ಲ ಹೇಳುತ್ತ ನನ್ನ ತಲೆ ಬಾಚುತ್ತಿದ್ದಳು. ದೋಣಿಗೆ ಬಳಿದ ಮೀನೆಣ್ಣೆಯ ವಾಸನೆ ನೆನೆದರೆ ಹಸಿವಾಗುತ್ತದೆ ಎನ್ನುತ್ತಿದ್ದಳು. ಅವಳಿಗೆ ಕುಚ್ಚಲಕ್ಕಿ ಗಂಜಿ ಬೇಕು, ಇಲ್ಲಿ ರಾಗಿಮುದ್ದೆ. ಪಕ್ಕದ ಮನೆಯ ಕಮ್ಮಾರತ್ತೆ ಎದುರಿಗೆ ಕೂತು, "ಅಗೀಬ್ಯಾಡ ಕಣವ್ವ, ನುಂಗು! ಅದೇನು ಬೆಲ್ಲವಾ, ಅಂಗೆ ಬಾಯಲ್ಲಿಟ್ಕೊಂಡು ಕುಂತಿದ್ದೀಯಲ್ಲ!" ಎಂದು ಗದರಿಸುತ್ತಿದ್ದಳು. ನಾನಂತೂ ಎರಡೆರಡು ಮುದ್ದೆ ನುಂಗುತ್ತಿದ್ದೆ.

ಅಬ್ಬೆ ಅಲ್ಲಿಂದಲೇ ಅಕ್ಕನಿಗೆ ಗಂಡು ನೋಡಿದಳು. ಘಟ್ಟದ ಕೆಳಗಿನಿಂದ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬರುವ ವ್ಯಾಪಾರಿಗಳು ಸುದ್ದಿ ತಂದರು. ಮಳೆಗೆ ಮುಂಚೆ ಮದುವೆ. ಅಪ್ಪ ಚೌಕಿಯ ಜಮಾದಾರರ ಮುಂದೆ ಎಷ್ಟು ಸಲ ಕೈಮುಗಿದರೋ, ಕೊನೆಗೆ ಅಪ್ಪಣೆ ಸಿಕ್ಕಿತು. ಆದರೆ ಕಸುಬುದಾರ ಓಡಿಹೋಗಬಾರದಲ್ಲ, ಅದಕ್ಕಾಗಿ ನಾನು ಒತ್ತೆಯಾಗಿ ದ್ವೀಪದಲ್ಲೇ ಉಳಿಯಬೇಕು.

ಅವರು ಹೊರಟದ್ದು ಬೇಸಿಗೆಯ ಒಂದು ಬೆಳಗ್ಗೆ. ಜಮಾದಾರರು ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ನೋಡು ಆಚಾರಿ, ದಿನಾ ಸಂಜೆ ನಗಾರಿ ಹೊಡೆಯೋ ಹೊತ್ಗೆ ಈ ಹುಡ್ಗ ಇಲ್ಲಿ ಹಾಜರ್ ಇರ್ಬೇಕು. ಒಂದಿನ ಕಾಣ್ಲಿಲ್ಲ ಅಂದ್ರೆ ಸವಾರ ಹೊರಟ, ನೀನು ವಾಪಸ್. ಸಮಜ್ ಆಯ್ತಾ?"

"ನಾನಿವ್ನಿ ಬುಡಿ ಸೋಮಿ," ಎಂದ ಪಕ್ಕದ ಮನೆಯ ಕಮ್ಮಾರ ಮಾವ. "ನನ್ ಮಗನ ಜೊತ್ಗೆ ಇವ್ನೂ ಒಬ್ಬ. ಎಲ್ಲಿಗೋದಾನು?"

ಅಕ್ಕ ಹೊಸ ಸೀರೆ ಉಟ್ಟಿದ್ದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬಗ್ಗಿ ನನ್ನ ಮೂಗು ಒರೆಸಿ, "ಅಳ್ಬೇಡ ಮಗಾ. ಮಳೆ ಮುಗಿದ್ ಕೂಡ್ಲೆ ಅಪ್ಪಯ್ಯ ಬತ್ರ್. ಅವ್ರ ಕೈಯಂಗೆ ಹಲ್ಸಿನ ಹಪ್ಪಳ ಕಳ್ಸ್ತೆ," ಎಂದಳು.

"ನಂಗ್ಯಾವ್ ಹಪ್ಪಳಾನೂ ಬ್ಯಾಡ, ಓಗು!"

"ಕಾಣಿ ಅಪ್ಪಯ್ಯ, ಇವ ಪೂರಾ ಈ ಊರಿನವನೇ ಆಯ್ದ!" ಎಂದು ನಗುತ್ತ ಅವಳು ಹರಿಗೋಲು ಹತ್ತಿದಳು. ಅಪ್ಪ ಬರುವುದು ಮಳೆ ಮುಗಿದ ಮೇಲೆ, ಅವಳು ಬರುವುದೇ ಇಲ್ಲ. ಆಚೆ ದಡದಲ್ಲಿ ಉಪ್ಪಿನವರ ಎತ್ತುಗಳು ಹಿರೋಡೆಯ ಕಡೆ ಹೊರಟವು. ಆ ಸೀರೆಯ ಕೆಂಪು ಧೂಳಿನಲ್ಲಿ ಮುಚ್ಚಿಹೋಗುವ ತನಕ ನಿಂತಿದ್ದೆ.

ಮುಂದಿನದು ಮೊಮ್ಮಕ್ಕಳಾದ ನಿಮಗೆಲ್ಲ ಗೊತ್ತಿರುವ ಕತೆ, ನೀವು ಎಷ್ಟೋ ಸಲ ಕೇಳಿ ನಕ್ಕ ಕತೆ. ಮಧ್ಯಾಹ್ನ ಹರಿಗೋಲಿನವರು ಉಣ್ಣುತ್ತಿದ್ದಾಗ ನಾನು ದಡದಲ್ಲಿದ್ದ ಒಂದು ಪುಟ್ಟ ಹರಿಗೋಲನ್ನು ನೀರಿಗೆ ತಳ್ಳಿದೆ. ನಮ್ಮ ಕಡಲಿನ ದೋಣಿಯ ಹಾಗೆ ಅದಕ್ಕೆ ಮೂತಿ ಇಲ್ಲ, ಬಾಲ ಇಲ್ಲ. ಬುಟ್ಟಿಯ ಹಾಗೆ ಸುತ್ತುತ್ತ, ಬಂಡೆಗಳಿಗೆ ತಾಗುತ್ತ, ಕೋಟೆಯನ್ನೂ ಹೊಂಗೆ ಮರಗಳನ್ನೂ ಮತ್ತೆ ಮತ್ತೆ ನನ್ನ ಮುಂದೆ ತಿರುಗಿಸುತ್ತ ಸಾಗಿತು. ಬಗ್ಗಿಸಿದ ಬಿದಿರಿನ ಮೇಲೆ ಹೊದಿಸಿದ ಹಸಿ ಚರ್ಮದ ವಾಸನೆಗೆ ಮೂಗು ಮುಚ್ಚಿಕೊಂಡೆ. ನೀರು ಕಡಿಮೆ ಇತ್ತು. ಕತ್ತಲಾಗುವ ಹೊತ್ತಿಗೆ ಅದು ಅರಕೆರೆಯ ಹತ್ತಿರ ಜೊಂಡಿನಲ್ಲಿ ಸಿಕ್ಕಿಕೊಂಡಿತು. ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಗೌಡರು ನನ್ನನ್ನು ಕಂಡು ಬೆಚ್ಚಿದರು.

"ಯಾರ್ಲಾ ನೀನು? ಒಬ್ನೇ ಎಲ್ಲಿಗ್ಲಾ ಒಂಟಿದ್ದೀಯ?"

"ನಮ್ಮೂರ್ಗೆ. ಕಡಲ ತಾವ್ಕೆ. ಒಳೆಯೆಲ್ಲ ಕಡಲಿಗೇ ತಾನೆ ಓಗೋದು?"

ಗೌಡರು ನಗುತ್ತ ಅಲ್ಲೇ ಕೂತುಬಿಟ್ಟರು. "ಅಯ್ಯೋ ನನ್ನಪ್ಪ! ನಿಮ್ ಕಡಲು ಪಡುವಲಾಗದೆ, ಈ ಒಳೆ ಮೂಡಲಾಗೆ ಓಯ್ತದೆ ಕಣ್ಲಾ!" ಎಂದು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೊಯ್ದು ಹಾಲು ಕುಡಿಸಿದರು, ಬೆಳಗ್ಗೆ ಚೌಕಿಗೆ ತಂದು ಒಪ್ಪಿಸಿದರು. ಕಾವೇರಿ ಹಿಡಿದು ಕುಂದಾಪುರಕ್ಕೆ ಹೊರಟ ಹುಡುಗ ಎಂದು ಊರೆಲ್ಲ ನಕ್ಕಿತು. ಅದೇ ಕತೆ ಇಲ್ಲಿಯ ತನಕ ನಡೆದುಕೊಂಡು ಬಂದಿದೆ.

ಅದು ಸುಳ್ಳು, ಮಕ್ಕಳೇ. ಆ ಹೊಳೆ ಎತ್ತ ಹರಿಯುತ್ತದೆಂದು ನನಗೆ ಗೊತ್ತಿತ್ತು. ಬೆಳಗ್ಗೆ ಮುಖ ತೊಳೆಯುವಾಗಲೆಲ್ಲ ಅಪ್ಪ ತೋರಿಸಿ ಹೇಳುತ್ತಿದ್ದರು: ನೀರು ಹೋಗುವ ಕಡೆ ಸೂರ್ಯ ಹುಟ್ಟುತ್ತಾನೆ, ಅದಕ್ಕೆ ಬೆನ್ನು ಮಾಡಿ ನಿಂತರೆ ನಮ್ಮೂರು ಎದುರಿಗೆ. ನಾನು ಕಡಲಿಗೆ ಹೊರಟಿರಲಿಲ್ಲ. ನಗಾರಿ ಹೊಡೆಯುವಾಗ ಚೌಕಿಯಲ್ಲಿ ಇರಬಾರದು, ಅಷ್ಟೇ ನನಗೆ ಬೇಕಾಗಿತ್ತು. ಸವಾರ ಹೊರಡಬೇಕು, ಅಕ್ಕ ವಾಪಸು ಬರಬೇಕು. ಜಮಾದಾರರ ಮಾತು ನನಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಸವಾರ ಹೊರಟ. ಅತ್ತಿಕುಪ್ಪೆಯ ದಾರಿಯಲ್ಲಿ, ಒಂದು ಕೆರೆಯ ಏರಿಯ ಮೇಲೆ ಅವರನ್ನು ತಡೆದನಂತೆ. ಮಗ ಹೊಳೆಯಲ್ಲಿ ಕಾಣೆಯಾಗಿದ್ದಾನೆ ಎಂದು ಮಾತ್ರ ಹೇಳಿದನಂತೆ. ಮರುದಿನ ಸಂಜೆ ಅಪ್ಪನಿಗಿಂತ ಮೊದಲು ಅಕ್ಕ ಹರಿಗೋಲಿನಿಂದ ಇಳಿದಳು. ಕಾಲು ಒಡೆದು ರಕ್ತ ಬಂದಿತ್ತು, ಹೊಸ ಸೀರೆಯೆಲ್ಲ ಧೂಳು. ನನ್ನನ್ನು ಕಂಡವಳೇ ಓಡಿಬಂದು ಅಪ್ಪಿಕೊಂಡಳು. "ಬದ್ಕಿದ್ಯಲ್ಲ ಮಗಾ, ಸಾಕ್, ನಂಗಷ್ಟೇ ಸಾಕ್," ಎಂದು ಅಳುತ್ತಿದ್ದಳು. ರಾತ್ರಿಯೆಲ್ಲ ನನ್ನಿಂದಾಗಿ ಚೌಕಿಯ ಕಂಬಕ್ಕೆ ಕಟ್ಟಿಸಿಕೊಂಡಿದ್ದ ಕಮ್ಮಾರ ಮಾವ ಮಣಿಕಟ್ಟು ತಿಕ್ಕಿಕೊಳ್ಳುತ್ತ, "ಬುಡವ್ವ, ಮಗಾ ಅದು, ಏನ್ ಗೊತ್ತಾಯ್ತದೆ," ಎಂದ. ನಿಜ ಹೇಳಲು ನನಗೆ ಅದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗಲಿಲ್ಲ. ನಾನು ಅವಳ ಸೆರಗಿನಲ್ಲಿ ಮುಖ ಹುದುಗಿಸಿಕೊಂಡೆ. ಒಳಗೆ ಸಂತೋಷವೇ ಆಗುತ್ತಿತ್ತು.

ಮತ್ತೆ ಅಪ್ಪಣೆ ಸಿಗಲಿಲ್ಲ. ಗಂಡಿನವರು ಬೇರೆ ಕಡೆ ಹೆಣ್ಣು ತಂದರು. ಆ ಮಳೆಗಾಲದಲ್ಲಿ ಅಬ್ಬೆ ಜ್ವರದಿಂದ ತೀರಿಕೊಂಡಳು. ಮಳೆ ನಿಂತ ಮೇಲೆ ಉಪ್ಪಿನವರೇ ಬಂದು ಹೇಳಿದರು. ಅಕ್ಕ ಕಮ್ಮಾರ ಮಾವನ ಮಗನನ್ನು ಮದುವೆಯಾಗಿ ಪಕ್ಕದ ಮನೆ ಸೇರಿದಳು. ಮುಂದೆ ಕೋಟೆ ಬಿತ್ತು, ಚೌಕಿಗಳು ಖಾಲಿಯಾದವು. ಹೋಗುತ್ತೇವೆ ಎಂದರೆ ತಡೆಯುವವರಿರಲಿಲ್ಲ. ಆದರೆ ಆಗ ಅವಳ ಸೊಂಟದಲ್ಲಿ ಕೂಸಿತ್ತು, ಅಲ್ಲಿ ಕಾಯುವ ತಾಯಿ ಇರಲಿಲ್ಲ. ಗಂಡ ಒಳ್ಳೆಯವನು. ಅವಳು ಮುದ್ದೆ ನುಂಗುವುದನ್ನೂ ಕಲಿತಳು. ಮನೆಗೆ ಯಾರೇ ಬರಲಿ, "ನಮ್ ತಮ್ಮ ಕಾವೇರಿ ಇಡ್ಕೊಂಡು ಕುಂದಾಪುರಕ್ಕೆ ಒಂಟಿದ್ದ," ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ನಾನು ಅವಳಿಗೆ ಹೇಳಲೇ ಇಲ್ಲ.

ಈಗ ನೀವು ಕಲ್ಲಿನ ಸೇತುವೆಯ ಮೇಲೆ ಮನಸ್ಸು ಬಂದಾಗ ಓಡಿ, ಆಚೆ ದಡದ ಹುಣಸೆಕಾಯಿ ಕದ್ದು, ಊಟದ ಹೊತ್ತಿಗೆ ಮನೆಯಲ್ಲಿರುತ್ತೀರಿ. ಯಾರೂ ಯಾರಿಗೂ ಒತ್ತೆಯಾಗಿ ನಿಲ್ಲಬೇಕಿಲ್ಲ. ಮೊನ್ನೆ ನಿಮ್ಮಕ್ಕನನ್ನು ನಾಗಮಂಗಲಕ್ಕೆ ಕರೆದೊಯ್ಯಲು ಗಂಡನ ಮನೆಯ ಗಾಡಿ ಬಂದಾಗ, ಚಕ್ರ ಕಳಚದ ಹಾಗೆ ತಡೆಯುವ ಕಡಾಣಿಯನ್ನು ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ಕಿತ್ತು ಹಿಟ್ಟಿನ ಮಡಕೆಯಲ್ಲಿ ಬಚ್ಚಿಟ್ಟ. ನೀವೆಲ್ಲ ನಕ್ಕಿರಿ. ನಾನು ಅವನ ರಟ್ಟೆ ಹಿಡಿದು ಎಳೆದೊಯ್ದು ಅವನ ಕೈಯಿಂದಲೇ ಅದನ್ನು ಹಾಕಿಸಿದೆ. ತಾತನಿಗೆ ಇಷ್ಟು ಸಿಟ್ಟೇಕೆ ಎಂದು ನಿಮಗೆ ಆಶ್ಚರ್ಯವಾಯಿತು. ಅವನು ಇನ್ನೂ ನನ್ನ ಜೊತೆ ಮಾತಾಡಿಲ್ಲ. ಇರಲಿ. ಅವನ ಅಕ್ಕ ಹಬ್ಬಕ್ಕೆ ನಗುತ್ತ ಬರುತ್ತಾಳೆ, ನಾಲ್ಕು ದಿನ ಇದ್ದು ನಗುತ್ತ ಹೋಗುತ್ತಾಳೆ. ನನ್ನ ಅಕ್ಕ ಸಾಯುವ ತನಕ ಪಕ್ಕದ ಮನೆಯಲ್ಲೇ ಇದ್ದಳು.